ಪರೀಕ್ಷೆಯ ಭಯವೂ ಬಣ್ಣದ ಪೆಟ್ಟಿಗೆಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಈಗಿನ ಬಾಲಿಕೆಯರ ತಾಯ್ತಂದೆಗಳೂ ಓದತಕ್ಕ ಈ ಸ್ಮರಣ ಸಂಚಿಕೆಯಲ್ಲಿ ಒಂದು ಸಣ್ಣ ವಿಷಯವನ್ನು ಕುರಿತು ಬಿನ್ನವಿಸಬೇಕೆಂದಿದ್ದೇನೆ. ಹತ್ತನೆಯ ತರಗತಿಯ ವೇಳಾಪಟ್ಟಿಯಲ್ಲಿ ಚಿತ್ರಲೇಖನಕ್ಕೆಂದು ಮೀಸಲಾದ ಪಿರಿಯಡ್ಡು ದಸರಾ ರಜೆ ಕಳೆಯುತ್ತಲೇ ಗಣಿತಕ್ಕೋ ವಿಜ್ಞಾನಕ್ಕೋ ದಾನವಾಗಿ ಹೋಗುವುದು ಅನೇಕ ಶಾಲೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಇದನ್ನು ಅನ್ಯಾಯವೆಂದು ಎಣಿಸುವವರು ವಿರಳ. ತಾಯ್ತಂದೆಗಳು ಸಂತೋಷವನ್ನೇ ಪಡುವರು. ನನ್ನ ಅಭಿಪ್ರಾಯವಾದರೋ ಇದಕ್ಕೆ ತೀರ ವಿರುದ್ಧವಾದುದು. ಬಾಲಿಕೆಗೆ ಆ ಪಿರಿಯಡ್ಡು ಅತ್ಯಂತ ಅವಶ್ಯವಾಗಿರುವುದು ಆ ತಿಂಗಳುಗಳಲ್ಲಿಯೇ.

ಸಂಕ್ರಾಂತಿ ಕಳೆದ ಮೇಲೆ ಗಾಂಧಿ ಬಜಾರಿಗೆ ಹತ್ತನೆಯ ತರಗತಿಯ ಮಗಳನ್ನು ಕರೆದುಕೊಂಡು ಹೋದ ಯಾವ ತಾಯಿಯನ್ನಾದರೂ ಕೇಳಿರಿ. ಬಳೆಯಂಗಡಿಯಲ್ಲಿ ನಿಂತಾಗಲೂ ಬಟ್ಟೆಯಂಗಡಿಯಲ್ಲಿ ಕುಳಿತಾಗಲೂ ಎದುರಾದ ಪರಿಚಿತರ ಬಾಯಲ್ಲಿ ಒಂದೇ ಪ್ರಶ್ನೆ: “ಇವಳು ಈ ವರ್ಷ ಎಸ್ಸೆಸ್ಸೆಲ್ಸಿ ಅಲ್ಲವೇನಮ್ಮ? ಹೇಗೆ ಓದುತ್ತಿದ್ದಾಳೆ?” ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಅದೇ ಮಾತನ್ನು ಒಂದು ಸಂಜೆಯಲ್ಲಿ ನಾಲ್ಕು ಸಾರಿ ಕೇಳಿದ ಹುಡುಗಿಗೆ ಆ ರಾತ್ರಿ ಊಟ ಸೇರದು. ಭದ್ರಾವತಿಯಿಂದ ಬರುವ ಬಾಲಿಕೆಯರ ಹೆಗಲ ಮೇಲೆ ಇನ್ನೂ ಒಂದು ಭಾರವುಂಟು. 1923ರಲ್ಲಿ ಕೆಲಸಕ್ಕೆ ತೊಡಗಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯೂ ಆ ಊರಿನ ಎರಡು ತಲೆಮಾರುಗಳಿಗೆ ಅನ್ನವಿತ್ತವು. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತುಹೋದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಣಯವು 2023ರ ಆರಂಭದಲ್ಲಿ ಹೊರಟು ಊರನ್ನೇ ತಲ್ಲಣಗೊಳಿಸಿತು. ತಂದೆಯ ಕೆಲಸಕ್ಕೆ ಭರವಸೆಯಿಲ್ಲದ ಮನೆಯಲ್ಲಿ ಮಗಳ ಅಂಕಪಟ್ಟಿಯೇ ಭರವಸೆಯಾಗುವುದು ಸ್ವಾಭಾವಿಕವು. ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಹುಡುಗಿಗೆ ಅದು ತಿಳಿದೇ ಇರುತ್ತದೆ.

2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ನಡೆಯತೊಡಗಿದುದರಿಂದ ಭಯವು ಮೂರರಲ್ಲೊಂದು ಪಾಲಿಗಿಳಿಯಬೇಕಾಗಿತ್ತು. ಹಾಗಾದಂತೆ ಕಾಣುವುದಿಲ್ಲ. ಅದೇ ವರ್ಷದಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಣೂ ಬಂದಿತಲ್ಲವೆ! ನಕಲು ನಿಲ್ಲಲೆಂಬ ಉದ್ದೇಶವು ಒಳ್ಳೆಯದೇ. ಆದರೆ ಪ್ರಾಮಾಣಿಕಳಾದ ಬಾಲಿಕೆಯೂ ಯಾರೋ ನೋಡುತ್ತಿರುವರೆಂದು ಬೆವರುವಳೆಂಬುದನ್ನು ಮರೆಯಲಾಗದು.

ಭಯದ ರೀತಿಯನ್ನು ಸ್ವಲ್ಪ ವಿಚಾರಿಸೋಣ. ಅದು ಇಂದಿನ ದಿನದಲ್ಲಿ ವಾಸಿಸುವುದಿಲ್ಲ. ಮುಂದಿನ ಮಾರ್ಚಿನಲ್ಲಿ ವಾಸಿಸುತ್ತದೆ. ಆಗ ಹೀಗಾದರೆ, ಹಾಗಾದರೆ, ಎಂದು ಮನಸ್ಸು ಓಡುತ್ತಿರುವಾಗ ಎದೆ ಬಡಿದುಕೊಳ್ಳುತ್ತದೆ, ಅಂಗೈ ತಣ್ಣಗಾಗುತ್ತದೆ, ಹೊಟ್ಟೆ ನೋಯುತ್ತದೆ, ಓದಿದ್ದು ನೆನಪಿಗೆ ಬಾರದು. “ಹೆದರಬೇಡ” ಎಂದರೆ ಹೆದರಿಕೆ ಹೋಗುವುದಿಲ್ಲ. ಹೆದರಿದ್ದೇನೆಂಬ ನಾಚಿಕೆಯೊಂದು ಮೇಲೆ ಸೇರುತ್ತದೆ, ಅಷ್ಟೆ. ಆದರೆ ಒಂದು ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆಯನ್ನು ಅಳ್ಳಾಡದಂತೆ ಎಳೆಯಬೇಕಾದಾಗ ಕಣ್ಣೂ ಕೈಯೂ ಈ ಕ್ಷಣದಲ್ಲಿಯೇ ನಿಲ್ಲಬೇಕಾಗುತ್ತದೆ. ಉಸಿರು ತಾನಾಗಿ ನಿಧಾನವಾಗುತ್ತದೆ. ಒಂದು ಎಸಳಿಗೆ ಬಣ್ಣ ತುಂಬಿದರೆ ಒಂದು ಕೆಲಸ ಮುಗಿಯಿತು. ಓದಿನಲ್ಲಿ ಹೀಗೆ ಮುಗಿಯಿತೆನ್ನುವ ಸುಖವು ಆ ದಿನಗಳಲ್ಲಿ ದೊರೆಯುವುದೇ ಇಲ್ಲ.

ಇದು ಬರಿಯ ಊಹೆಯಲ್ಲ. 2005ರಲ್ಲಿ ಅಮೆರಿಕದ ಕರ್ರಿ ಮತ್ತು ಕಾಸರ್ ಎಂಬಿಬ್ಬರು 84 ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಒಂದು ಪ್ರಯೋಗವನ್ನು ಪ್ರಕಟಿಸಿದರು. ಮೊದಲು ಪ್ರತಿಯೊಬ್ಬರಿಂದಲೂ ತಮಗೆ ಭಯವುಂಟಾದ ಪ್ರಸಂಗವೊಂದನ್ನು ಬರೆಯಿಸಿ ಮನಸ್ಸನ್ನು ಕಲಕಿದರು. ಅನಂತರ ಕೆಲವರಿಗೆ ಮಂಡಲಾಕಾರದ ಚಿತ್ರವನ್ನೂ, ಕೆಲವರಿಗೆ ಚೌಕುಳಿಯ ವಿನ್ಯಾಸವನ್ನೂ, ಉಳಿದವರಿಗೆ ಬರಿಯ ಬಿಳಿಯ ಹಾಳೆಯನ್ನೂ ಕೊಟ್ಟು ಬಣ್ಣ ತುಂಬಲು ಹೇಳಿದರು. ಮಂಡಲ, ಚೌಕುಳಿಗಳವರ ಕಳವಳವು ಗಣನೀಯವಾಗಿ ತಗ್ಗಿತು. ಬಿಳಿಯ ಹಾಳೆಯವರದು ಹಾಗೆ ತಗ್ಗಲಿಲ್ಲ. 2012ರಲ್ಲಿ ಬೇರೆಯವರು ಮತ್ತೆ ಪರೀಕ್ಷಿಸಿದಾಗ ಮಂಡಲವು ಗೆದ್ದಿತು, ಚೌಕುಳಿಯು ಗೆಲ್ಲಲಿಲ್ಲ. ಫಿಲಡೆಲ್ಫಿಯ ನಗರದ ಡ್ರೆಕ್ಸೆಲ್ ವಿಶ್ವವಿದ್ಯಾನಿಲಯದವರು 2016ರಲ್ಲಿ ಪ್ರಕಟಿಸಿದ ಮತ್ತೊಂದು ಪ್ರಯೋಗದಲ್ಲಿ 39 ಮಂದಿ ವಯಸ್ಕರು 45 ನಿಮಿಷ ಬಣ್ಣ, ಜೇಡಿಮಣ್ಣು ಮೊದಲಾದವುಗಳಲ್ಲಿ ಇಷ್ಟ ಬಂದುದನ್ನು ಮಾಡಿದರು. ದೇಹವು ಒತ್ತಡದಲ್ಲಿ ಸ್ರವಿಸುವ ಕಾರ್ಟಿಸೋಲ್ ಎಂಬ ದ್ರವ್ಯವು ಅವರಲ್ಲಿ ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಕಡಿಮೆಯಾಗಿತ್ತು. ಚಿತ್ರ ಬರೆಯಬಲ್ಲವರಿಗೂ ಬಾರದವರಿಗೂ ಇದರಲ್ಲಿ ಭೇದವಿರಲಿಲ್ಲ. ಇವೆಲ್ಲವೂ ಸಣ್ಣ ಪ್ರಯೋಗಗಳು. ಇವುಗಳ ಮೇಲೆ ದೊಡ್ಡ ಮಹಡಿ ಕಟ್ಟುವುದು ಬೇಡ. ಆದರೂ ನಲವತ್ತು ನಿಮಿಷದ ಒಂದು ಪಿರಿಯಡ್ಡನ್ನು ಉಳಿಸಿಕೊಳ್ಳುವುದಕ್ಕೆ ಇಷ್ಟು ಆಧಾರವು ಸಾಕು.

ಇವುಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದುದು ಬಿಳಿಯ ಹಾಳೆಯ ಸೋಲು. ಕಳವಳಗೊಂಡವರಿಗೆ “ಏನು ಬೇಕಾದರೂ ಬರೆ” ಎಂದರೆ ಅದೂ ಒಂದು ಪ್ರಶ್ನೆಪತ್ರಿಕೆಯೇ ಆಗುತ್ತದೆ. ಆಧಾರಕ್ಕೊಂದು ಕಟ್ಟು ಬೇಕು. ಕಟ್ಟಿನೊಳಗೆ ಸ್ವಾತಂತ್ರ್ಯವೂ ಬೇಕು. ಈ ರಹಸ್ಯವನ್ನು ನಮ್ಮ ಜಿಲ್ಲೆಯ ಸ್ತ್ರೀಯರು ಯಾವ ಪ್ರಯೋಗಶಾಲೆಯ ಸಹಾಯವೂ ಇಲ್ಲದೆ ಕಂಡುಕೊಂಡಿರುವರು. ಸಾಗರ, ಸೊರಬದ ಕಡೆಯ ದೀವರ ಮನೆಗಳ ಹಸೆ ಚಿತ್ತಾರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕೆಮ್ಮಣ್ಣು ಬಳಿದ ಗೋಡೆ, ಅದರ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವಾದರೋ ಪುಂಡಿಯ ನಾರು. ಎಳೆಯ ಪಕ್ಕದಲ್ಲಿ ಎಳೆ, ಚೌಕದೊಳಗೆ ಚೌಕ, ಕೈ ತಪ್ಪದಂತೆ ಗಂಟೆಗಟ್ಟಲೆ ಸಾಗುವ ಕೆಲಸ, ಜೊತೆಗೆ ಹಾಡು. ಮದುವೆಯ ಮನೆಯ ಗಡಿಬಿಡಿ ಎಷ್ಟೇ ಇರಲಿ, ಹಸೆಗೋಡೆಯ ಮುಂದೆ ಕುಳಿತವಳಿಗೆ ಅದು ತಾಗದು. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೂ ಇದೇ ಚಿತ್ತಾರ. ಅಂಗಳದಲ್ಲಿ ಚುಕ್ಕೆಯಿಟ್ಟು ಎಳೆಯುವ ರಂಗೋಲಿಯೂ ಈ ಜಾತಿಯದೇ: ಚುಕ್ಕೆಗಳು ನಿಯಮ, ಎಳೆ ಅವಳ ಇಷ್ಟ.

ಆದುದರಿಂದ ಬಣ್ಣ ತುಂಬುವ ಅಚ್ಚಿನ ಪುಸ್ತಕಗಳನ್ನು ಹಣ ಕೊಟ್ಟು ತರಿಸಬೇಕೆಂದು ನಾನು ಹೇಳುತ್ತಿಲ್ಲ. 2013ರಲ್ಲಿ ಸ್ಕಾಟ್ಲೆಂಡಿನ ಜೊಹಾನಾ ಬ್ಯಾಸ್‌ಫರ್ಡ್ ಎಂಬಾಕೆಯ ಪುಸ್ತಕ ಹೊರಟ ಮೇಲೆ ದೊಡ್ಡವರಿಗೂ ಅಂಥ ಪುಸ್ತಕಗಳ ಹುಚ್ಚು ಹಿಡಿಯಿತು, ಅವು ಕೆಟ್ಟವೇನಲ್ಲ. ಆದರೆ ಚುಕ್ಕೆ ಎಳೆಗಳ ಕಟ್ಟನ್ನು ತಾನೇ ಹಾಕಿಕೊಳ್ಳಬಲ್ಲ ಮಲೆನಾಡಿನ ಹುಡುಗಿಗೆ ಇನ್ನೊಬ್ಬರ ಗೆರೆಯನ್ನು ಕೊಂಡು ತರುವುದೇಕೆ? ಮಿಷನ್ ಶಾಲೆಗಳಲ್ಲಿ ಹಿಂದೆ ಹೊಲಿಗೆ, ಕಸೂತಿಗಳಿಗೆ ದೊಡ್ಡ ಸ್ಥಾನವಿದ್ದುದನ್ನು ಹಿರಿಯ ವಿದ್ಯಾರ್ಥಿನಿಯರು ಬಲ್ಲರು. ಗೃಹಿಣಿಯಾಗಲಿಕ್ಕೆ ಬೇಕೆಂದು ಅದನ್ನು ಕಲಿಸಿದರು. ಬೇರೊಂದು ಉಪಕಾರವನ್ನು ಅದು ಸದ್ದಿಲ್ಲದೆ ಮಾಡಿರಬೇಕು. ವಿಮೋಚನಕಾಂಡದಲ್ಲಿ ದೇವದರ್ಶನದ ಗುಡಾರಕ್ಕಾಗಿ ಕೆಲಸ ಮಾಡಿದ ಬೆಚಲೇಲನೂ, ನೀಲ ಧೂಮ್ರ ರಕ್ತವರ್ಣಗಳ ನೂಲನ್ನು ತಂದ ಸ್ತ್ರೀಯರೂ ಬರುತ್ತಾರೆ. ಕೈಯ ಕುಶಲತೆಯನ್ನು ಅಲ್ಲಿ ದೇವರ ಆತ್ಮದ ವರವೆಂದೇ ಹೇಳಿದೆ. ಬಿಡುವಿನ ವೇಳೆಯ ಆಟವೆಂದಲ್ಲ.

ಬಿಳಿಯ ಹಾಳೆಗೆ ಬೆಲೆಯೇ ಇಲ್ಲವೆ ಎಂದು ಯಾರಾದರೂ ಕೇಳಬಹುದು. ಉಂಟು, ಆದರೆ ಅಲ್ಲಿ ಒಬ್ಬ ಒಳ್ಳೆಯ ಉಪಾಧ್ಯಾಯಿನಿ ಹತ್ತಿರವಿರಬೇಕು. ಫ್ರೀಡ್ಲ್ ಡಿಕ್ಕರ್-ಬ್ರಾಂಡೈಸ್ ಎಂಬ ಯೆಹೂದಿ ಚಿತ್ರಕಾರ್ತಿಯನ್ನು 1942ರ ಡಿಸೆಂಬರಿನಲ್ಲಿ ನಾಜಿಗಳು ತೆರೆಜಿನ್ ಎಂಬ ಬಂದೀಗ್ರಾಮಕ್ಕೆ ಸಾಗಿಸಿದರು. ಅಲ್ಲಿ ಆಕೆ ಸೆರೆಯಲ್ಲಿದ್ದ ಮಕ್ಕಳನ್ನು ಕೂಡಿಸಿಕೊಂಡು, ಸಿಕ್ಕಿದ ರದ್ದಿ ಕಾಗದದ ಮೇಲೆ ಚಿತ್ರ ಬರೆಯಿಸಿದಳು. ಹಸಿವು, ರೋಗ, ನಾಳೆ ಯಾರನ್ನು ಎಲ್ಲಿಗೆ ಒಯ್ಯುವರೋ ಎಂಬ ಭೀತಿ. ಇವುಗಳ ನಡುವೆ ಮಕ್ಕಳು ಹೂಗಳನ್ನೂ ಮನೆಗಳನ್ನೂ ಬರೆದರು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಶ್‌ವಿಟ್ಸಿನಲ್ಲಿ ಕೊಂದರು. ಆ ಮಕ್ಕಳಲ್ಲಿ ಬಹುಮಂದಿಯೂ ಉಳಿಯಲಿಲ್ಲ. ಆಕೆಯು ಎರಡು ಪೆಟ್ಟಿಗೆಗಳಲ್ಲಿ ಬಿಟ್ಟುಹೋದ ಸುಮಾರು 4,500 ಚಿತ್ರಗಳು ಉಳಿದುವು. ಪ್ರಾಗ್ ನಗರದ ಯೆಹೂದಿ ವಸ್ತುಸಂಗ್ರಹಾಲಯದಲ್ಲಿ ಅವು ಈಗಲೂ ಇವೆ. ಚಿತ್ರ ಬರೆದರೆ ಸಂಕಟ ಹೋಗುತ್ತದೆಂಬುದಕ್ಕೆ ಇದನ್ನು ಹೇಳಲಿಲ್ಲ. ಅಂಥ ಸ್ಥಳದಲ್ಲಿಯೂ ಒಬ್ಬ ಬುದ್ಧಿವಂತೆಯು ಈ ಕೆಲಸವನ್ನು ವ್ಯರ್ಥವೆಂದು ಎಣಿಸಲಿಲ್ಲವಾದರೆ, ಶಿವಮೊಗ್ಗೆಯಲ್ಲಿ ಸುಖವಾಗಿರುವ ನಾವು ಒಂದು ಪಿರಿಯಡ್ಡಿಗೆ ಲೆಕ್ಕ ಹಾಕುವುದು ಸರಿಯೆ?

ಈ ಕೆಲಸವನ್ನು ಕೆಡಿಸುವ ಮಾರ್ಗವೂ ಸುಲಭವಾಗಿದೆ: ಬಹುಮಾನವಿಡುವುದು. ಸ್ಪರ್ಧೆ, ಅಂಕ, ಗೋಡೆಯ ಮೇಲೆ ಮೂವರ ಚಿತ್ರ ಮಾತ್ರ. ಇಷ್ಟಾದರೆ ಹೊಸದೊಂದು ಪರೀಕ್ಷೆ ಹುಟ್ಟಿತು. ಎಲೆಗೆ ಹಸುರನ್ನೇ ಹಚ್ಚಬೇಕೆಂದು ಗದರುವುದೂ ಹಾಗೆಯೇ. ಆ ನಲವತ್ತು ನಿಮಿಷ ಯಾರೂ ಯಾರ ಹಾಳೆಯನ್ನೂ ತೂಗಿ ನೋಡಕೂಡದು.

ಇನ್ನೊಂದು ಮಾತನ್ನು ತಾಯ್ತಂದೆಗಳು ಗಮನಿಸಬೇಕು. ಬಣ್ಣವು ಔಷಧಿಯಲ್ಲ. ವಾರಗಟ್ಟಲೆ ನಿದ್ದೆ ಬಾರದ, ಗೆಳತಿಯರೊಡನೆ ಮಾತು ಬಿಟ್ಟ, ಬದುಕಿ ಫಲವೇನೆಂಬ ಮಾತಾಡುವ ಮಗಳ ಮುಂದೆ ಬಣ್ಣದ ಪೆಟ್ಟಿಗೆಯನ್ನಿಟ್ಟು ಸುಮ್ಮನಾಗುವುದು ಅಪರಾಧವೇ ಸರಿ. ಅಂಥ ಸಂದರ್ಭದಲ್ಲಿ ನಾಚಿಕೆಯನ್ನು ಬದಿಗಿಟ್ಟು ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. 2022ರ ಅಕ್ಟೋಬರಿನಲ್ಲಿ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಎಂಬ ದೂರವಾಣಿಯ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿಯೂ ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ನಾನು ಹೇಳುತ್ತಿರುವುದು ಉಳಿದವರ ವಿಷಯ. ಎಲ್ಲರಂತೆ ಹೆದರಿ, ಎಲ್ಲರಂತೆ ನುಂಗಿಕೊಂಡು, ಬೆಂಚಿನ ಮೇಲೆ ಕುಳಿತಿರುವ ಬಹುಸಂಖ್ಯಾತರ ವಿಷಯ.

ಶಾಲೆಯ ಆಡಳಿತದವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಹತ್ತನೆಯ ತರಗತಿಯ ಚಿತ್ರಲೇಖನದ ಪಿರಿಯಡ್ಡನ್ನು ಪರೀಕ್ಷೆಯ ಹಿಂದಿನ ವಾರದವರೆಗೂ ಯಾವ ವಿಷಯಕ್ಕೂ ಬಿಟ್ಟುಕೊಡಬಾರದು. ವರ್ಷಕ್ಕೊಮ್ಮೆ ಸಾಗರದ ಕಡೆಯಿಂದ ಹಸೆ ಬರೆಯಬಲ್ಲ ತಾಯಿಯೊಬ್ಬರನ್ನು ಕರೆಯಿಸಿ, ಸಂಭಾವನೆ ಕೊಟ್ಟು, ಹುಡುಗಿಯರ ನಡುವೆ ಕೂಡಿಸಬೇಕು. ಹಳೆಯ ವಿದ್ಯಾರ್ಥಿನಿಯರ ಸಂಘವು ಆ ವೆಚ್ಚವನ್ನು ವಹಿಸಿಕೊಂಡರೆ ಇನ್ನೂ ಮೇಲು. ಕಾಗದದ ಖರ್ಚಿನ ಚಿಂತೆ ಯಾರಿಗೂ ಬೇಡ. ಮಾದರಿ ಪ್ರಶ್ನೆಪತ್ರಿಕೆಗಳು ಪ್ರತಿ ವರ್ಷವೂ ಕಟ್ಟುಗಟ್ಟಲೆ ಉಳಿಯುತ್ತವೆ, ಹಲವುಗಳ ಹಿಂಬದಿಯು ಖಾಲಿಯಿರುತ್ತದೆ. ಅದರ ಮೇಲೆಯೇ ಬರೆಯಲಿ.