ಇನ್ನೊಂದು ಮಾತ್ರೆ ತಗೊಂಡ್ರೆ ಏನಾಗುತ್ತೆ ಬಿಡು?

(1/5)
"ಜ್ವರ ಇಳೀಲಿಲ್ವಾ? ಇನ್ನೊಂದು ನುಂಗು ಮಗಾ, ಏನಾಗಲ್ಲ." ಹಾಸ್ಟೆಲ್, ಪಿಜಿ ಎಲ್ಲೇ ಹೋಗಿ, ಈ ಸಲಹೆ ಫ್ರೀ. ಕೊಡೋರಲ್ಲಿ ಯಾರೂ ಡಾಕ್ಟರ್ ಅಲ್ಲ. ನಾನೂ ಅಲ್ಲ, ಓದ್ತಿರೋದು ಬಿಕಾಂ. ಆದ್ರೆ ಈ ಸಲಹೆಯ ಹಿಂದಿರೋ ಲೆಕ್ಕವೇ ತಪ್ಪು. ಲೆಕ್ಕ ಅಂದ್ಮೇಲೆ ನಾವು ಕಾಮರ್ಸ್‌ನೋರು ಸುಮ್ನೆ ಕೂರೋದು ಹೇಗೆ?

(2/5)
ಕ್ಯಾಂಟೀನ್‌ನಲ್ಲಿ ಎರಡೇ ಕಾವಲಿ ಇದೆ ಅಂದ್ಕೊಳ್ಳಿ. ಐದು ಜನ ಬಂದ್ರೆ ದೋಸೆ ಬೇಗ ಸಿಗುತ್ತೆ. ಹತ್ತು ಜನ ಬಂದ್ರೆ ಭಟ್ರು ಕೈ ಚುರುಕು ಮಾಡ್ತಾರೆ. ಐವತ್ತು ಜನ ಬಂದ್ರೆ? ಕಾವಲಿ ಎರಡೇ. ಗಂಟೆಗೆ ಆಗೋ ದೋಸೆ ಅಷ್ಟೇ, ಬೆಳೆಯೋದು ಕ್ಯೂ ಮಾತ್ರ.

ನಮ್ಮ ದೇಹದ ಕಿಣ್ವಗಳು, ಅಂದ್ರೆ ಎನ್‌ಜೈಮ್‌ಗಳು, ಕೆಲಸ ಮಾಡೋದೂ ಹೀಗೇ. 1913ರಲ್ಲಿ ಲಿಯೊನರ್ ಮಿಕಾಯ್ಲಿಸ್ ಮತ್ತು ಕೆನಡಾದ ವೈದ್ಯೆ ಮಾಡ್ ಮೆಂಟನ್ ಬರ್ಲಿನ್‌ನಲ್ಲಿ ಸಕ್ಕರೆ ಒಡೆಯೋ ಒಂದು ಕಿಣ್ವ ಇಟ್ಕೊಂಡು ಇದನ್ನ ಸಮೀಕರಣ ಮಾಡಿ ತೋರಿಸಿದ್ರು. ಕಿಣ್ವದ ಗರಿಷ್ಠ ವೇಗದ ಹೆಸರು ವಿ-ಮ್ಯಾಕ್ಸ್. ಅದರ ಅರ್ಧ ವೇಗ ಬರೋಕೆ ಬೇಕಾದ ಕ್ಯೂ ಎಷ್ಟೋ, ಅದು ಕೆ-ಎಂ. ವಿ-ಮ್ಯಾಕ್ಸ್ ಮುಟ್ಟಿದ್ಮೇಲೆ ಎಷ್ಟೇ ಸುರಿದ್ರೂ ಕೆಲಸದ ವೇಗ ಏರಲ್ಲ.

(3/5)
ಈಗ ಪ್ಯಾರಾಸಿಟಮಾಲ್‌ಗೆ ಬರೋಣ. ಸರಿಯಾದ ಡೋಸ್‌ನಲ್ಲಿ ಇದರ ಬಹುಪಾಲನ್ನ ಲಿವರ್ ಎರಡು ಸೇಫ್ ದಾರಿಯಲ್ಲಿ ಬದಲಾಯಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತೆ. ಒಂದು ಸಣ್ಣ ಪಾಲು ಮಾತ್ರ ಮೂರನೇ ದಾರಿ ಹಿಡಿದು ವಿಷ ಆಗುತ್ತೆ. ಆ ವಿಷಾನ ತಣ್ಣಗೆ ಮಾಡೋಕೆ ಲಿವರ್‌ನಲ್ಲಿ ಗ್ಲುಟಥಯೋನ್ ಅನ್ನೋ ಸ್ಟಾಕ್ ಇರುತ್ತೆ.

ಡೋಸ್ ಜಾಸ್ತಿ ಆದ್ರೆ ಸೇಫ್ ದಾರಿಗಳು ಫುಲ್. ಮೂರನೇ ದಾರಿಗೆ ಹೋಗೋ ಪಾಲು ಹೆಚ್ಚಾಗುತ್ತೆ, ಸ್ಟಾಕ್ ಖಾಲಿಯಾಗ್ತಾ ಬರುತ್ತೆ. ಆಮೇಲೆ ವಿಷ ಕೈ ಹಾಕೋದು ಲಿವರ್‌ನ ಜೀವಕೋಶಗಳಿಗೇ. ಹೊಟ್ಟೆಗೆ ಸರಿಯಾಗಿ ತಿನ್ನದೇ ಇರೋರಲ್ಲಿ, ದಿನಾ ಕುಡಿಯೋರಲ್ಲಿ ಆ ಸ್ಟಾಕ್ ಮೊದಲೇ ಕಮ್ಮಿ ಇರಬಹುದು.

(4/5)
"ಪ್ಯಾರಾಸಿಟಮಾಲ್ ಸೇಫ್ ಅಲ್ವಾ? ಮಕ್ಕಳಿಗೂ ಕೊಡ್ತಾರಲ್ಲ" ಅಂತೀರಾ? ಹೌದು, ಸೇಫ್. ಡೋಸ್ ಒಳಗಿದ್ದಾಗ. ಆರೋಗ್ಯವಾಗಿರೋ ದೊಡ್ಡೋರಿಗೆ ಸಾಮಾನ್ಯವಾಗಿ ಹೇಳೋ ಮಿತಿ 24 ಗಂಟೆಗೆ 4 ಗ್ರಾಂ. 650 ಮಿಗ್ರಾಂ ಮಾತ್ರೆ ಆರು ಆದ್ರೆ 3,900. ಏಳನೇದು ನುಂಗಿದ್ರೆ ಮಿತಿ ದಾಟಿತು. ತೂಕ ಕಮ್ಮಿ ಇರೋರಿಗೆ, ಲಿವರ್ ತೊಂದರೆ ಇರೋರಿಗೆ ಮಿತಿ ಇನ್ನೂ ಕೆಳಗೆ.

ನಾವು ಎಡವೋದು ಇನ್ನೊಂದು ಕಡೆ. ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರೇ ಇರುತ್ತೆ. ಹೆಸರು ಮೂರು, ಖಾತೆ ಒಂದೇ. ಟೋಟಲ್ ಮಾಡೋರು ಯಾರು?

ಮೋಸ ಏನಂದ್ರೆ, ಜಾಸ್ತಿ ಆದ್ರೂ ಮೊದಲ ದಿನ ಏನೂ ಗೊತ್ತಾಗದೇ ಇರಬಹುದು. ಆರಾಮಾಗಿದೀನಿ ಅಂತ ಮಲಗಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಇದಕ್ಕೆ ಮದ್ದು ಇದೆ, 8 ಗಂಟೆಯೊಳಗೆ ಶುರು ಮಾಡಿದ್ರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ.

(5/5)
ನನ್ನ ಅಭಿಪ್ರಾಯ ಇಷ್ಟೇ. ಫ್ರೆಶರ್ಸ್‌ಗೆ ಅಟೆಂಡೆನ್ಸ್ ರೂಲ್ಸ್ ಹೇಳೋಕೆ ಅರ್ಧ ದಿನ ತಗೊಳ್ಳೋ ಕಾಲೇಜುಗಳು, ಮಾತ್ರೆ ಸ್ಟ್ರಿಪ್ ಓದೋದು ಹೇಗೆ ಅಂತ ಹತ್ತು ನಿಮಿಷ ಹೇಳಿಕೊಡ್ಲಿ. ಸ್ಟ್ರಿಪ್ ಹಿಂದಿರೋ ಇರುವೆ ಸಾಲಿನಂಥ ಇಂಗ್ಲಿಷ್ ಜೊತೆ ಓದೋ ಸೈಜಿನ ಕನ್ನಡಾನೂ ಇರ್ಲಿ. ಅಲ್ಲೀವರೆಗೂ ಮೂರು ಕೆಲಸ ನಮ್ದು: ಸ್ಟ್ರಿಪ್ ತಿರುಗಿಸಿ ಮಿಗ್ರಾಂ ನೋಡೋದು, ನುಂಗಿದ ಟೈಮ್ ಫೋನ್‌ನಲ್ಲಿ ಬರೆದಿಡೋದು, ಜ್ವರ ಮೂರು ದಿನ ದಾಟಿದ್ರೆ ಸೀನಿಯರ್‌ನ ಬಿಟ್ಟು ಡಾಕ್ಟರ್‌ನ ಕೇಳೋದು.

ನಿಮ್ ಬ್ಯಾಗಲ್ಲಿರೋ ನೆಗಡಿ ಮಾತ್ರೆ ಈಗ್ಲೇ ತೆಗೆದು ನೋಡಿ. ಅದರಲ್ಲಿ ಪ್ಯಾರಾಸಿಟಮಾಲ್ ಎಷ್ಟಿದೆ? ಕಮೆಂಟ್ ಮಾಡಿ. "ಇನ್ನೊಂದು ನುಂಗು" ಅನ್ನೋ ಆ ಫ್ರೆಂಡ್‌ನ ಟ್ಯಾಗ್ ಮಾಡೋದು ಮರೀಬೇಡಿ.

#ಕಾಮರ್ಸ್‌ಕಣ್ಣಲ್ಲಿಸೈನ್ಸ್ #ಮಿಗ್ರಾಂಲೆಕ್ಕ