ಆಕಾಶದಿಂದ ಸುರಿದ ವಿಷ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಗಳ ಸೀಮೆಯಲ್ಲಿ ತೊಗರಿ, ಹತ್ತಿಯ ಸಾಲುಗಳ ನಡುವೆ ಕದ್ದು ಗಾಂಜಾ ಬೆಳೆದ ಸುದ್ದಿ ಆಗೊಮ್ಮೆ ಈಗೊಮ್ಮೆ ಪತ್ರಿಕೆಗಳಲ್ಲಿ ಬರುವುದುಂಟು. ಪೊಲೀಸರೋ ಅಬಕಾರಿ ಇಲಾಖೆಯವರೋ ಹೊಲಕ್ಕಿಳಿದು ಗಿಡಗಳನ್ನು ಬೇರುಸಹಿತ ಕಿತ್ತು, ತೂಗಿ, ಪಂಚನಾಮೆ ಬರೆದು ಒಯ್ಯುತ್ತಾರೆ. ಪಕ್ಕದ ತೊಗರಿ ನಿಂತಲ್ಲೇ ನಿಂತಿರುತ್ತದೆ. ಇದು ನಿಧಾನದ ಕೆಲಸವೇ ಸರಿ. ಆದರೆ ಕಣ್ಣಿಟ್ಟು ಮಾಡುವ ಕೆಲಸ.

ದಕ್ಷಿಣ ಅಮೆರಿಕದ ಕೊಲಂಬಿಯ ದೇಶವು ಬೇರೊಂದು ದಾರಿ ಹಿಡಿಯಿತು. ಕೊಕೇನ್ ಎಂಬ ಮಾದಕವಸ್ತುವಿಗೆ ಮೂಲವಾದ ಕೋಕಾ ಗಿಡವನ್ನು ನಾಶಮಾಡಲು ಅಲ್ಲಿನ ಸರಕಾರ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ವಿಮಾನಗಳಿಂದ ಸುರಿಸಿತು. 2015ರಲ್ಲಿ ಅದನ್ನು ನಿಲ್ಲಿಸುವ ಹೊತ್ತಿಗೆ 15 ಲಕ್ಷ ಹೆಕ್ಟೇರಿಗೂ ಮಿಕ್ಕಿದ ನೆಲದ ಮೇಲೆ ಆ ಮಳೆ ಬಿದ್ದಿತ್ತು. 2003ರಲ್ಲಿ ರಾಷ್ಟ್ರೀಯ ಉದ್ಯಾನಗಳ ಮೇಲೂ ಸಿಂಪಡಿಸಲು ಅನುಮತಿ ದೊರೆಯಿತು; 2006ರಲ್ಲಿ ಮಕರೇನ ಉದ್ಯಾನದ ಮೇಲೆ ವಿಮಾನಗಳು ಹಾರಿದವು. ಮತ್ತೆ ಸಿಂಪಡಿಸಬೇಕೆಂಬ ಒತ್ತಾಯ ಅಲ್ಲಿ ಆಗಾಗ ಏಳುತ್ತಲೇ ಇದೆ.

ಅದನ್ನು ಸಮರ್ಥಿಸುವವರ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕೋಕಾ ಬೆಳೆಯುವವರು ಕಾಡನ್ನು ಕಡಿದೇ ಬೆಳೆಯುತ್ತಾರೆ. ಮಕರೇನದಲ್ಲಿ ಗಿಡಗಳನ್ನು ಕೈಯಿಂದ ಕೀಳಲು ಹೋದವರು ಸಿಡಿಮದ್ದಿಗೆ ಬಲಿಯಾದದ್ದೂ ನಿಜ. ಇಷ್ಟಾದರೂ ಕಾಡಿನ ಮೇಲೆ ವಿಷ ಸುರಿಸುವುದನ್ನು ನಾನು ಒಪ್ಪಲಾರೆ. ಕಾರಣವನ್ನು ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ. ಕನ್ನಡ ನುಡಿಯುವ ಕಾಸರಗೋಡಿಗೆ ಹೋದರೆ ಸಾಕು.

ಕಾಸರಗೋಡಿನ ಗುಡ್ಡಗಳ ಮೇಲೆ ಕೇರಳ ಸರಕಾರಿ ತೋಟಗಾರಿಕೆ ನಿಗಮದ ಗೇರುತೋಟಗಳಿವೆ. ಚಿಗುರನ್ನು ಹೀರುವ ಕೀಟವೊಂದನ್ನು ಕೊಲ್ಲಲು ಈ ತೋಟಗಳ ಮೇಲೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಇದು ಕೀಟನಾಶಕ, ಕೊಲಂಬಿಯದ್ದು ಕಳೆನಾಶಕ. ಎರಡೂ ಒಂದೇ ಅಲ್ಲ. ಆದರೆ ಮೇಲಿನಿಂದ ಬೀಳುವ ರೀತಿ ಒಂದೇ. ಗುಡ್ಡದ ಮೇಲೆ ತೋಟ, ಕೆಳಗಿನ ಕಣಿವೆಯಲ್ಲಿ ಮನೆಗಳು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಹಳ್ಳಿಗಳು ಕುಡಿಯುತ್ತಿದ್ದುದು ಗುಡ್ಡದಿಂದ ಇಳಿಯುವ ತೋಡಿನ ನೀರನ್ನು, ಗುಡ್ಡವನ್ನು ಕೊರೆದು ಮಾಡಿದ ಸುರಂಗದ ನೀರನ್ನು. ಬಾವಿಯ ಬಾಯನ್ನೇನೋ ಮುಚ್ಚಬಹುದು; ತೋಡನ್ನು ಮುಚ್ಚುವ ಬಗೆ ಹೇಗೆ?

ಅಂಗವೈಕಲ್ಯದಿಂದ ಹುಟ್ಟಿದ ಕರುಗಳನ್ನು ಕಂಡು ಪತ್ರಕರ್ತ ಶ್ರೀಪಡ್ರೆಯವರು ಮೊದಲು ಬರೆದರು. ಪುಟ್ಟ ಊರೊಂದರಲ್ಲಿ ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್‌ಗಳು ಇಷ್ಟೊಂದು ಕಾಣಿಸುವುದೇಕೆಂದು ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ಕೇಳಿದರು. ವಿಷವೇ ಕಾರಣವೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಅಷ್ಟರಲ್ಲಿ ಆ ಮನೆಗಳ ಮಕ್ಕಳು ಹಾಸಿಗೆಯಲ್ಲೇ ಬೆಳೆದು ದೊಡ್ಡವರಾಗಿದ್ದರು.

ಕಾಸರಗೋಡಿನಲ್ಲಿ ಕೇಳುವ ವೈದ್ಯರಿದ್ದರು, ಬರೆಯುವವರಿದ್ದರು, ನ್ಯಾಯಾಲಯದ ಮೆಟ್ಟಿಲೇರುವ ಜನರಿದ್ದರು. ಅಲ್ಲಿಯೇ ಇಷ್ಟು ಕಾಲ ಹಿಡಿಯಿತು. ಕಾಡಿನಲ್ಲಿ ಕಪ್ಪೆಯ ಪರವಾಗಿ, ಜೇನಿನ ಪರವಾಗಿ ಲೆಕ್ಕವಿಡುವವರಾರು? ದೂರು ಕೊಡಲಾರದ ಜೀವಿಗಳಿಗೆಂದೇ ಅಲ್ಲವೆ ನಾವು ಒಂದಿಷ್ಟು ನೆಲವನ್ನು ಸಂರಕ್ಷಿತವೆಂದು ಗುರುತಿಸಿರುವುದು!

ಕಾಡಿಗೆ ಬಿದ್ದದ್ದು ಕಾಡಿನಲ್ಲೇ ಉಳಿಯುವುದೂ ಇಲ್ಲ. ಆಲಮಟ್ಟಿಯ ಜಲಾಶಯದಲ್ಲಿ ನಿಂತ ಕೃಷ್ಣೆಯ ನೀರು ಮಹಾಬಳೇಶ್ವರದ ಕಾಡುಗುಡ್ಡಗಳಿಂದ ಹೊರಟು ಬಂದದ್ದು. ನದಿಯ ತಲೆಯಲ್ಲಿ ಸುರಿದದ್ದನ್ನು ಕೆಳಗಿನವರು ಕುಡಿಯಬೇಕು. ಗಾಳಿಗಂತೂ ಗಡಿಯೇ ಇಲ್ಲ. ಗಡಿ ದಾಟಿ ಬಂದ ಸಿಂಪಡಣೆಯಿಂದ ತನಗೆ ಹಾನಿಯಾಯಿತೆಂದು ನೆರೆಯ ಎಕ್ವಡಾರ್ ದೇಶ 2008ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2013ರಲ್ಲಿ ಕೊಲಂಬಿಯ 1.5 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಇತ್ತ ಬೆಳೆಗಾರರು, ಒಂದು ಕಡೆ ಗಿಡ ಒಣಗಿದರೆ, ಇನ್ನೂ ಒಳಗಿನ ಕಾಡನ್ನು ಕಡಿದು ಮತ್ತೆ ನೆಟ್ಟರು.

ಉದ್ಯಾನದೊಳಗಿನ ಕೋಕಾವನ್ನು ತೆಗೆಯಲೇಬೇಕು. ಮೊದಲು ಸಿಡಿಮದ್ದನ್ನು ತೆಗೆಯಲಿ. ಆಮೇಲೆ ಕಾವಲಿನಲ್ಲಿ, ಇಂಡಿಯ ಹೊಲದಲ್ಲಿ ಮಾಡುವಂತೆ, ಗಿಡ ನೋಡಿ ಗಿಡ ಕೀಳಲಿ. ಅದನ್ನು ನೆಟ್ಟ ಬಡ ರೈತನಿಗೆ ಕಾಡಿನ ಹೊರಗೆ ನೆಲವನ್ನೂ ಬೇರೆ ಬೆಳೆಯ ಬೀಜವನ್ನೂ, ಆ ಬೆಳೆಯನ್ನು ಸಂತೆಗೆ ಒಯ್ಯಲು ಒಂದು ರಸ್ತೆಯನ್ನೂ ಕೊಡಲಿ.