ಹೊಳೆಯ ದಂಡೆಯ ಊಟ

ಶಿವರಾತ್ರಿಯ ಗದ್ದಲ ಕಳೆದ ಮರುವಾರ ಮನೆಮಂದಿಯೊಡನೆ ಶಿರಸಿಯ ಸಮೀಪದ ಸಹಸ್ರಲಿಂಗಕ್ಕೆ ಹೋಗಿದ್ದೆ. ಬೇಸಗೆಯಲ್ಲಿ ಶಾಲ್ಮಲೆ ಸೊರಗುವುದರಿಂದ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳೂ ನಂದಿಗಳೂ ನೀರಿನಿಂದ ತಲೆಯೆತ್ತಿ ನಿಲ್ಲುತ್ತವೆ. ಕಣ್ಣಿಗೇನೋ ಹಬ್ಬವಾಯಿತು, ಹೊಟ್ಟೆಯ ಪಾಡು ಬೇರೆ.

ಹಿಂದಿರುಗುವಾಗ ಹೊಳೆಗೆ ಮುಖಮಾಡಿದ್ದ ಒಂದು ಭೋಜನಗೃಹವನ್ನು ಹೊಕ್ಕೆವು. ಹೆಸರು ಬೇಡ, ಬಡಿಸಿದ ಹುಡುಗ ಬಹಳ ಒಳ್ಳೆಯವನು. ಅನ್ನ ಆರಿತ್ತು. ಸಾರೆಂದರೆ ಬಿಸಿನೀರಿಗೆ ಖಾರ. ಗೋಬಿ ಮಂಚೂರಿಯಂತೂ ಹೂಕೋಸಿನ ಗುರುತನ್ನೇ ಅಳಿಸಿಕೊಂಡಿತ್ತು. ಇಷ್ಟನ್ನೂ ಸಹಿಸಬಹುದಾಗಿತ್ತು. ಆದರೆ ಎಲೆಯ ತುದಿಗೆ ಬಿದ್ದ ಉಪ್ಪಿನಕಾಯಿ ದೂರದೂರಿನ ಕಾರ್ಖಾನೆಯ ಪೊಟ್ಟಣದ್ದು!

ಇದು ಅಪ್ಪೆಮಿಡಿಯ ಸೀಮೆ, ವಾಚಕರೆ. ಅಘನಾಶಿನಿ, ಬೇಡ್ತಿ, ಶರಾವತಿಗಳ ದಂಡೆಯೇ ಅಪ್ಪೆಯ ತವರು. ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ. ಸಿದ್ದಾಪುರದ ನಮ್ಮ ಅತ್ತೆಯವರು ಅಪ್ಪೆಯ ಕಾಯಿಯನ್ನು ಬೇಯಿಸಿ, ಕಿವುಚಿ, ಧಾರಾಳವಾಗಿ ನೀರು ಬೆರೆಸಿ, ಇಂಗು-ಸಾಸಿವೆಯ ಒಗ್ಗರಣೆ ಕೊಟ್ಟು ಮಾಡುವ ಅಪ್ಪೆಹುಳಿಯನ್ನು ಲೋಟಗಟ್ಟಲೆ ಕುಡಿದವರು ಮಧ್ಯಾಹ್ನ ಎಚ್ಚರವಿದ್ದುದನ್ನು ನಾನು ಕಂಡಿಲ್ಲ.

“ಅಪ್ಪೆಹುಳಿ ಇಲ್ಲವೇನಪ್ಪ?” ಎಂದೆ.

“ಅದು ಮನೆಯ ಅಡುಗೆ. ಬಂದವರು ಯಾರೂ ಕೇಳುವುದಿಲ್ಲ” ಎಂದ ಹುಡುಗ ಹೊಳೆಯತ್ತ ಕೈ ತೋರಿದ. ಅಲ್ಲೊಂದು ಅಪ್ಪೆಯ ಮರವಿತ್ತಂತೆ. ಮಿಡಿಗೆ ಬೆಲೆ ಬಂದ ಮೇಲೆ, ಹತ್ತಿ ಕೊಯ್ಯುವ ತಾಳ್ಮೆಯಿಲ್ಲದವರು ಕೊಂಬೆಗಳನ್ನೇ ಕಡಿದು ಕೆಡವಿದರಂತೆ. ಮೂರನೆಯ ವರ್ಷ ಮರ ಒಣಗಿತು.

“ಅಜ್ಜಿ ಅದರ ಮಿಡಿಯನ್ನೇ ಉಪ್ಪಿನಕಾಯಿಗೆ ಹಾಕುತ್ತಿದ್ದಳು” ಎಂದು, ಪೊಟ್ಟಣದ್ದನ್ನು ಇನ್ನೊಂದು ಚಮಚ ಬಡಿಸಿದ.

ಬೇಡವೆನ್ನಲಾಗಲಿಲ್ಲ.